ಕೆಂಪು ಪೆನ್ನಿಗೆ ಬಂದ ಕೋಪ

ಸಾಹೇಬರಿಗೆ ಇಂಗ್ಲಿಷಿನಲ್ಲಿ ಕ್ಷಮಾಪಣೆ ಪತ್ರ ಬರೆಯಹೊರಟ ಪೆನ್ಸಿಲ್ಲು, ‘ಯು ಆರ್ ಆಂಗ್ರಿ ಆನ್ ಮಿ’ ಎಂದು ಶುರುಮಾಡಿತು. ತಿದ್ದಲು ಬಂದ ಕೆಂಪು ಪೆನ್ನು ಮೂಗು ಮುರಿಯಿತು.

“ಆನ್ ಅಂತೆ, ಆನ್! ಸಾಹೇಬರು ನಿನ್ನ ತಲೆ ಮೇಲೆ ಹತ್ತಿ ಕೂತಿದ್ದಾರೇನು? ಆಂಗ್ರಿ ಆದಮೇಲೆ ‘ವಿತ್’ ಬರಬೇಕು, ದಡ್ಡ! ಇದೇ ಹಾಳೆ ಅವರ ಮುಂದೆ ಹೋಗುತ್ತದೆ.”

“ನಮ್ಮಲ್ಲಿ ಕೋಪ ಬರುವುದೇ ಇನ್ನೊಬ್ಬರ ಮೇಲಲ್ಲವೇ, ಸ್ವಾಮಿ?” ಎಂದಿತು ಪೆನ್ಸಿಲ್ಲು.

ಎದುರುತ್ತರ ಕೇಳಿ ಪೆನ್ನಿಗೆ ಮೈಯೆಲ್ಲಾ ಉರಿಯಿತು. ಹಾಳೆಯ ಅಂಚಿನಲ್ಲೇ ಒತ್ತಿ ಗೀಚಿತು: ‘ಐ ಆಮ್ ಆಂಗ್ರಿ ಆನ್ ಯು!’

ಪೆನ್ಸಿಲ್ಲಿನ ‘ಆನ್’ ಅಳಿಸುತ್ತಿದ್ದ ರಬ್ಬರು ಅದನ್ನು ಓದಿ ನಕ್ಕಿತು.

“ಇವನದು ಅಳಿಸಿಹೋಯಿತು, ಪಂಡಿತರೇ. ನಿಮ್ಮದು ಶಾಯಿ. ಸಾಹೇಬರೇ ಓದಿಕೊಳ್ಳಲಿ.”