ಕೊಟ್ರ ಟಾರ್ಚಿಗೆ ಶೆಲ್ಲು ಹಾಕಿದ್ದು

ಹಾಲವ್ವಗೆ ಒಬ್ಬಳು ಮಗಳು, ಒಬ್ಬ ಮಗ. ಮಗಳು ಗಿರಿಜಿ ಚುರುಕು. ಮಗ ಕೊಟ್ರ ಇದ್ದನಲ್ಲ, ಅವನ ಸುದ್ದಿ ಏನು ಕೇಳ್ತೀರಿ! ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಮಾಡಬೇಕಾದ ಜಾಗದಲ್ಲಿ ಮಾತ್ರ ಮಾಡ್ತಿರಲಿಲ್ಲ. ಇವನ ದೆಸೆಯಿಂದ ಗಿರಿಜಿಗೆ ಬಂದ ಎರಡು ಸಂಬಂಧ ಮುರಿದಿದ್ದವು. ಇವತ್ತು ಮತ್ತೊಂದು ಬರೋದಿತ್ತು.

"ಕೊಟ್ರಾ, ಹೋದ ಸಲ ಬಂದವರಿಗೆ ಬೆನ್ನು ಕೊಟ್ಟು ಕೂತಿದ್ದೆ. ಮುಖಕ್ಕೆ ಮುಖ ಕೊಡಬೇಕಪ್ಪಾ!"

"ಆಗಲವ್ವಾ!"

"ಈಗ ಟಾರ್ಚಿಗೆ ಶೆಲ್ಲು ಹಾಕು. ಕತ್ತಲೆ ಕೋಣೆಯಿಂದ ಬೆಲ್ಲ ತರಬೇಕು, ಅಲ್ಲಿ ಚೇಳಿನ ಕಾಟ."

ಕೊಟ್ರ ಎರಡೂ ಶೆಲ್ಲಿನ ಮೂತಿಗೆ ಮೂತಿ ಹಚ್ಚಿ ಹಾಕಿದ. ಹಾಲವ್ವ ಗುಂಡಿ ಒತ್ತಿದಳು. ಹತ್ತಲಿಲ್ಲ. ಕುಟ್ಟಿದಳು, ಒತ್ತಿದಳು. ಊಹೂಂ, ಹತ್ತಲಿಲ್ಲ. ಮುಚ್ಚಳ ಬಿಚ್ಚಿ ನೋಡಿದಳು.

"ಇದೇನೋ ಹಿಂಗೆ?"

"ಬೆನ್ನು ಕೊಟ್ಟರೆ ಅವಕ್ಕೆ ಬೇಜಾರಾಗಲ್ವಾ ಅವ್ವಾ?"

"ಅಯ್ಯೋ ದಡ್ಡಾ! ಒಂದರ ಹಿಂದೆ ಒಂದು ಇರಬೇಕು. ಎರಡರ ಮೂತಿಯೂ ಬಲ್ಬಿನ ಕಡೆ! ಹಿಂದಿನದರ ಮೂತಿ ಮುಂದಿನದರ ಬೆನ್ನಿಗೆ ತಾಗಬೇಕು. ಆಮೇಲೆ ಹಿಂದಿನಿಂದ ಅದುಮಬೇಕು!"

"ಹಿಂದಿನಿಂದ ಅದುಮಬೇಕು, ಹಿಂದಿನಿಂದ ಅದುಮಬೇಕು," ಅಂತ ಕೊಟ್ರ ಬಾಯಿಪಾಠ ಮಾಡಿಕೊಂಡ.

ಅಷ್ಟರಲ್ಲಿ ಗಂಡು ಬಂದ, ಗಂಡಿನ ಅಪ್ಪ ಸಿದ್ಲಿಂಗಪ್ಪ ಬಂದ. ಕೈಕಾಲು ತೊಳೆದರು. "ಊಟಕ್ಕೆ ಕೂರಿಸೋ," ಅಂದಳು ಹಾಲವ್ವ. ಕೂರಿಸಿದ! ಗೋಡೆ ಮೇಲಿನ ಬಲ್ಬಿನ ಕಡೆ ಮುಖ ಮಾಡಿಸಿ ಗಂಡನ್ನ ಕೂರಿಸಿದ. ಅವನ ಬೆನ್ನ ಹಿಂದೆ ಅಪ್ಪನ್ನ ಕೂರಿಸಿದ. ಆಮೇಲೆ ಅಪ್ಪನ ಬೆನ್ನಿಗೆ ಮೊಣಕಾಲು ಕೊಟ್ಟು ಅದುಮಿದ ನೋಡಿ! ಸಿದ್ಲಿಂಗಪ್ಪನ ಮೂಗು ಮಗನ ಬೆನ್ನಿಗೆ ಅಪ್ಪಚ್ಚಿಯಾಯ್ತು.

"ಏ, ಏನಯ್ಯಾ ಇದು!"

"ಸ್ವಲ್ಪ ತಡೀರಿ ಯಜಮಾನ್ರೇ, ಈಗ ಹತ್ತುತ್ತೆ!"

ಹಾಲವ್ವ ಓಡಿಬಂದು ಮಗನ ಕಿವಿ ಹಿಡಿದು ಹಿತ್ತಲಿಗೆ ಎಳೆದಳು. "ನನ್ನ ಕರ್ಮವೇ! ಅವರೇನು ಶೆಲ್ಲೇನೋ? ಯಾರ ಮೈಮೇಲಾದರೂ ಕೈ ಹಾಕೀಯ, ಹುಷಾರ್! ಹೋಗು, ಆ ಟಾರ್ಚಿನ ಶೆಲ್ಲು ಮಂಕಾಗಿವೆ. ಮಂಕಾದದ್ದನ್ನ ಬಿಸಿಲಿಗೆ ಹಾಕಿದರೆ ಜೀವ ಬರ್ತದೆ. ಎರಡೂ ಮಗ್ಗುಲು ಕಾಯಬೇಕು, ತಿಳೀತಾ?"

"ತಿಳೀತವ್ವಾ!"

ಹಾಲವ್ವ ಬೀಗರಿಗೆ ಕೈ ಮುಗಿದು, ಹೋಳಿಗೆ ಮೇಲೆ ತುಪ್ಪ ಸುರಿದು ಸಮಾಧಾನ ಮಾಡಿದಳು. ಸಿದ್ಲಿಂಗಪ್ಪ ಹೊಟ್ಟೆ ತುಂಬ ಉಂಡ. ಹುಡುಗಿ ಒಪ್ಪಿಗೆ ಅನ್ನಲಿಲ್ಲ, ಬೇಡ ಅನ್ನಲಿಲ್ಲ, ಪಡಸಾಲೆಯ ಮಂಚದ ಮೇಲೆ ಮಲಗಿಬಿಟ್ಟ. ಹಾಲವ್ವ ಒಳಗೆ ಹೋಗಿ ದೇವರಿಗೆ ಹರಕೆ ಹೊತ್ತಳು. ಎದ್ದು ಏನಂತಾನೋ ಏನೋ!

ಕೊಟ್ರ ಬಂದು ಇಣುಕಿದ. ಬೀಗರ ಕಣ್ಣು ಮುಚ್ಚಿದೆ, ಬಾಯಿ ತೆರೆದಿದೆ. ಅಯ್ಯಯ್ಯೋ, ಮಂಕಾಗಿಬಿಟ್ಟಿದ್ದಾರೆ!

ಸ್ವಲ್ಪ ಹೊತ್ತಿಗೆ ಅಂಗಳದಿಂದ "ಸತ್ತೆನಪ್ಪೋ!" ಅನ್ನೋ ಕೂಗು. ಎಲ್ಲರೂ ಓಡಿದರು. ಉರಿಬಿಸಿಲಲ್ಲಿ ಮಂಚ, ಮಂಚದ ಮೇಲೆ ಬೆವರಿ ನೀರಾದ ಸಿದ್ಲಿಂಗಪ್ಪ!

"ಮೈ ಮುಟ್ಟಬೇಡ ಅಂದಿದ್ದೆನಲ್ಲೋ!"

"ಮುಟ್ಟಿಲ್ಲವ್ವಾ! ಮಂಚ ಅಷ್ಟೇ ಎಳೆದೆ. ನೋಡು, ಹೆಂಗೆ ಜೀವ ಬಂತು!"

ಹಾಲವ್ವ ಹಣೆ ಹಣೆ ಚಚ್ಚಿಕೊಂಡಳು. ಮೂರನೆಯದೂ ಹೋಯ್ತು! ಅಷ್ಟರಲ್ಲಿ ಗಂಡು ಕಿಸಕ್ಕನೆ ನಕ್ಕ. ಬಾಗಿಲ ಹಿಂದೆ ಗಿರಿಜಿಯೂ ನಕ್ಕಳು. ನಗುತ್ತಲೇ ಮಜ್ಜಿಗೆ ತಂದು ಸಿದ್ಲಿಂಗಪ್ಪನ ಕೈಗೆ ಕೊಟ್ಟಳು. ಗಂಡು ಅವಳನ್ನೇ ನೋಡಿದ.

"ಅಪ್ಪಾ, ನನಗೆ ಹುಡುಗಿ ಒಪ್ಪಿಗೆ."

ಸಿದ್ಲಿಂಗಪ್ಪ ಗಟಗಟ ಮಜ್ಜಿಗೆ ಕುಡಿದ. "ನನಗೂ ಒಪ್ಪಿಗೆ ಕಣಯ್ಯಾ, ಮೊದಲು ನೆರಳಿಗೆ ನಡಿ!" ಅಂತ ಏಳಹೋದ.

ಕೊಟ್ರ ಎರಡೂ ಕೈ ಅಡ್ಡ ಹಿಡಿದ.

"ಮಲಗ್ರಿ ಯಜಮಾನ್ರೇ! ಇನ್ನೊಂದು ಮಗ್ಗುಲು ಕಾದೇ ಇಲ್ಲ!"