ಗಾಜಿನ ಮೇಲಿನ ಹೆಬ್ಬೆರಳು

ತುಂಗಭದ್ರೆಯ ದಂಡೆಯಲ್ಲೊಂದು ಆಶ್ರಮ. ಗುರು ಕರಿಬಸವಯ್ಯನವರು ಅಲ್ಲಿ ಯಂತ್ರಗಳ ರಿಪೇರಿ ಕಲಿಸುತ್ತಿದ್ದರು. ಮಾತು ಕಡಿಮೆ.

ಆ ವಾರ ಕಾಲುವೆಯ ಗೇಟು ಎತ್ತುವ ಯಂತ್ರ ಬಂದಿತ್ತು. ಅದರ ತಿರುಗುವ ದಂಡಕ್ಕೆ ಎನ್‌ಕೋಡರ್ ಕೂರಿಸಬೇಕಿತ್ತು. ಅಂಗೈಯಗಲದ ಗಾಜಿನ ಬಿಲ್ಲೆ, ಅಂಚಿನ ಸುತ್ತ ಸಾವಿರ ಸಣ್ಣ ಗೆರೆ. ಒಂದು ಪಕ್ಕ ದೀಪ, ಇನ್ನೊಂದು ಪಕ್ಕ ಬೆಳಕು ಕಾಣುವ ಕಣ್ಣು. ದಂಡದ ಜೊತೆ ಬಿಲ್ಲೆ ತಿರುಗುತ್ತದೆ, ಕಣ್ಣು ಗೆರೆ ಎಣಿಸುತ್ತದೆ. ಗೇಟು ಎಷ್ಟು ಎದ್ದಿದೆ ಎಂದು ತಿಳಿಯುವುದು ಆ ಎಣಿಕೆಯಿಂದ.

ಆ ಗಾಜಿಗೆ ಬರಿಗೈ ತಾಗಿಸಬಾರದು, ಬೆರಳ ಜಿಡ್ಡು ಗೆರೆ ಮುಚ್ಚುತ್ತದೆ. ತಾಗಿಸಿದವನು ಆಶ್ರಮ ಬಿಡಬೇಕು, ಅದು ಗುರುಗಳ ಕಟ್ಟಳೆ.

ಬಿಲ್ಲೆ ಕೂರಿಸಿದವನು ತಿಪ್ಪೇಶ. ಅವಸರದಲ್ಲಿ ಕೈಗವಸು ಹಾಕಿರಲಿಲ್ಲ.

ಸಂಜೆ ಗುರುಗಳು ದಂಡವನ್ನು ಪೂರ್ತಿ ಒಂದು ಸುತ್ತು ತಿರುಗಿಸಿದರು. ಎಣಿಕೆ ಒಂಬೈನೂರ ಎಂಬತ್ತೆಂಟಕ್ಕೆ ನಿಂತಿತು.

"ಹನ್ನೆರಡು ಗೆರೆ ಎಲ್ಲಿ? ಕೂರಿಸಿದ್ದು ಯಾರು?"

"ಓಂಕಾರ," ಎಂದುಬಿಟ್ಟ ತಿಪ್ಪೇಶ.

ಓಂಕಾರ ಅವನ ಕೋಣೆಯವನೇ. ಕಣ್ಣು ಕಣ್ಣು ಬಿಟ್ಟ. "ನಾನು ಅದರ ಹತ್ತಿರಾನೂ ಹೋಗಿಲ್ಲ!"

"ನಿನ್ನದು ಕೈಯೇನೋ, ಒನಕೆಯೇನೋ?" ಎಂದ ಹಿರಿಯ ಶಿಷ್ಯ ರೇವಣ್ಣ. "ಮೊನ್ನೆ ಲೆನ್ಸ್ ಒಡೆದವನು ನೀನೇ ತಾನೆ?"

ಎಲ್ಲರೂ ನಕ್ಕರು. ತಿಪ್ಪೇಶನೂ ನಕ್ಕ.

"ಬೆಳಗಿನ ಬಸ್ಸಿಗೆ ಹೊರಡು," ಎಂದರು ಗುರುಗಳು ಓಂಕಾರನಿಗೆ.

ಬೆಳಿಗ್ಗೆ ಅವರು ತಿಪ್ಪೇಶನನ್ನು ಕರೆದರು. ಬಿಲ್ಲೆ ಬಿಚ್ಚಿ ಬೆಳಕಿಗೆ ಹಿಡಿದರು. ಗೆರೆಗಳ ಮೇಲೆ ಜಿಡ್ಡಿನ ಹೆಬ್ಬೆರಳ ಗುರುತು. ಅದಕ್ಕೆ ಓರೆಯಾಗಿ ಹಳೆಯ ಗಾಯದ ಕಲೆ.

ತಿಪ್ಪೇಶ ಹೆಬ್ಬೆರಳನ್ನು ಮುಷ್ಟಿಯೊಳಗೆ ಅಡಗಿಸಿದ.

ಗುರುಗಳು ಆ ಮುಷ್ಟಿಯನ್ನು ನೋಡಿದರು. ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಗಾಜು ಒರೆಸಿದರು. ಮತ್ತೆ ಕೂರಿಸಿ ತಿರುಗಿಸಿದರು. ಸರಿಯಾಗಿ ಸಾವಿರ.

"ಬಯ್ಯಿರಿ ಗುರುಗಳೇ."

"ಬೈದರೆ ನಿನಗೆ ಹಗುರ. ಓಂಕಾರನಿಗೆ ಇರು ಅಂತ ಹೇಳಿದ್ದೇನೆ. ಉಳಿದದ್ದು ನಿನ್ನದು."

ಓಂಕಾರ ಚೀಲ ಕಟ್ಟಿಕೊಂಡು ಮೆಟ್ಟಿಲ ಮೇಲೆ ಕೂತಿದ್ದ.

"ನಾನೇ ಮುಟ್ಟಿದ್ದು ಕಣೋ."

"ನನಗೆ ಗೊತ್ತಿಲ್ವಾ?" ಎಂದ ಓಂಕಾರ. "ನಕ್ಕರಲ್ಲ, ಅವರಿಗೆ ಹೇಳು. ಅವರು ನಂಬಿದರೆ ಇರ್ತೀನಿ."

ತಿಪ್ಪೇಶ ಊಟದ ಪಡಸಾಲೆಗೆ ಹೋಗಿ ಎಲ್ಲರ ಮುಂದೆ ಹೇಳಿದ.

ರೇವಣ್ಣ ಎದ್ದು ಬಂದು ಬೆನ್ನು ತಟ್ಟಿದ. "ಗೆಳೆಯನನ್ನು ಉಳಿಸೋಕೆ ತಪ್ಪು ತಲೆ ಮೇಲೆ ಹೊತ್ಕೊಂಡೆಯಲ್ಲೋ! ನೋಡ್ರೋ, ಮನುಷ್ಯ ಅಂದ್ರೆ ಇವನು!"

"ಇಲ್ಲ, ರೇವಣ್ಣ, ನಿಜವಾಗ್ಲೂ..."

"ಆಯ್ತು ಮಾರಾಯ, ಉಪ್ಪಿಟ್ಟು ಆರತ್ತೆ, ಕೂತ್ಕೋ."

ಬಾಗಿಲಲ್ಲಿ ನಿಂತಿದ್ದ ಓಂಕಾರ ಚೀಲ ಹೆಗಲಿಗೇರಿಸಿದ. ತಿರುಗಿ ನೋಡದೆ ಹೋದ.

ತಿಪ್ಪೇಶ ಓಡಿ ಬಂದು ಗುರುಗಳ ಮುಂದೆ ನಿಂತ.

"ಯಾರೂ ನಂಬಲಿಲ್ಲ. ನನ್ನನ್ನೇ ಹೊಗಳಿದರು. ಅವನು ಹೊರಟುಹೋದ. ನೀವು ಆ ಗುರುತು ಒರೆಸದೆ ಇದ್ದಿದ್ದರೆ ತೋರಿಸುತ್ತಿದ್ದೆ!"

ಗುರುಗಳು ತಲೆ ತಗ್ಗಿಸಿದರು.

"ನಿನ್ನೆ ನೀನು ಅವನ ಹೆಸರು ಹೇಳಿದಾಗ, ನಾನು ಯಾವ ಗುರುತು ಕೇಳಿದೆ?"