ಇನ್ಸ್‌ಪೆಕ್ಟರ್ ಕಾದ ಠಾಣೆ

ನಂಬದವರು ನಂಬಬೇಡಿ, ನಮ್ಮೂರ ಪೇದೆ ಇನ್ಸ್‌ಪೆಕ್ಟರನ್ನೇ ಠಾಣೆ ಕಾಯೋಕೆ ಕೂರಿಸಿದವನು. ಇಂಥವನು ಬೇರೆ ಯಾವ ಊರಲ್ಲಿದ್ದಾನೆ, ತೋರಿಸಿ ನೋಡೋಣ.

ನಮ್ಮ ಉಪಠಾಣೆಗೆ ಇದ್ದವನು ಅವನೊಬ್ಬನೇ. ಗಸ್ತಿಗೆ ಹೊರಟರೆ ಬಾಗಿಲಿಗೆ ಬೀಗ. ಒಂದು ದಿನ ಬುಲೆಟ್ಟಿನಲ್ಲಿ ಬಂದ ಇನ್ಸ್‌ಪೆಕ್ಟರ್ ಆ ಬೀಗ ಕಂಡು ಕೆಂಡವಾದರು. ಸುದ್ದಿ ತಿಳಿದು ಗಸ್ತು ಅರ್ಧಕ್ಕೆ ಬಿಟ್ಟು ಓಡಿಬಂದ ಪೇದೆಯ ಮೇಲೆ ಹರಿಹಾಯ್ದರು.

“ಠಾಣೆ ಒಂದು ಗಳಿಗೆಯೂ ಖಾಲಿ ಇರಕೂಡದು. ಗಸ್ತೂ ತಪ್ಪಕೂಡದು. ಯಾವುದು ತಪ್ಪಿದರೂ ಸಸ್ಪೆಂಡ್ ಮಾಡ್ತೀನಿ.”

“ಇನ್ನೊಬ್ಬರನ್ನ ಕೊಡಿ ಸಾರ್.”

“ಈ ಹಳ್ಳಿಗೆ ನೀನೇ ಹೆಚ್ಚು.”

ಪೇದೆ ಬೀಗ ತೆಗೆದು ಕುರ್ಚಿ ಒರೆಸಿದ. “ಹಾಗಾದ್ರೆ ಉಳಿದ ಗಸ್ತು ಮುಗಿಸಿ ಬರ್ತೀನಿ ಸಾರ್. ಹೇಗೂ ತಾವಿದ್ದೀರಿ, ಠಾಣೆ ಖಾಲಿ ಆಗಲ್ಲ.” ಸಲ್ಯೂಟ್ ಹೊಡೆದವನೇ ಸೈಕಲ್ ಹತ್ತಿಬಿಟ್ಟ.

ಎದ್ದು ಹೋದರೆ ತಮ್ಮ ಹುಕುಂ ತಾವೇ ಮುರಿದಂತೆ. ಸಾಹೇಬರು ಕೂತರು. ಅಷ್ಟರಲ್ಲಿ ಊರಿನ ಪುಟ್ಟನಂಜಮ್ಮ ಹುಂಜ ಹಿಡಿದುಕೊಂಡು ಬಂದಳು.

“ಹೊಸ ಪೊಲೀಸಪ್ಪನಾ? ಈ ಹುಂಜ ನನ್ನದೋ, ಪಕ್ಕದ ಮನೆ ಸಾಕಮ್ಮಂದೋ, ಹೇಳಪ್ಪ. ನಮ್ಮ ಹಳಬ ಆಗಿದ್ರೆ ಇಷ್ಟೊತ್ತಿಗೆ ಹೇಳಿರೋನು.”

ಹಿಂದೆಯೇ ಸಾಕಮ್ಮ ಬಂದಳು. ಅತ್ತೆ-ಸೊಸೆ ಬಂದರು, ಬದುವಿನ ಜಗಳದವರು ಬಂದರು. ಯಾರಿಗೂ ಕೇಸು ಬೇಡ, ಕೂರಿಸಿ ಮಾತಾಡಿಸಿದರೆ ಸಾಕು.

ಸಂಜೆ ಪೇದೆ ಮರಳಿದಾಗ ಸಾಹೇಬರು ಹುಂಜವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

“ದಿನಾ ಇದನ್ನೆಲ್ಲ ಒಬ್ಬನೇ ಮಾಡ್ತೀಯೇನೋ?”

“ಹೌದು ಸಾರ್. ಇವತ್ತು ಇಬ್ಬರಿದ್ವಲ್ಲ, ಗಸ್ತು ಪೂರಾ ಆಯ್ತು.”

ಸಾಹೇಬರು ನಕ್ಕುಬಿಟ್ಟರು. ಮುಂದಿನ ಸೋಮವಾರ ಅವನಿಗೆ ಜೊತೆಗೊಬ್ಬ ಪೇದೆಯನ್ನು ಕೊಟ್ಟರು.